ಮಂದಾಕಿನಿ ಆಂಟಿಯ ‘ಬಿಡ್ತು’

ಮಂದಾಕಿನಿ ಆಂಟಿ ವರ್ಷಗಟ್ಟಲೆ ವಿಷಾನಿಲ ಮತ್ತು ರೋಗಾಣುಗಳ ನಡುವೆ ಕೂತು ಸಂಬಳ ತೆಗೆದುಕೊಂಡವರು. ಆದರೆ ಅವುಗಳಲ್ಲಿ ಒಂದರ ಹೆಸರನ್ನಾದರೂ ಅವರ ಬಾಯಿಂದ ಕೇಳಿದವರಿಲ್ಲ. ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳನ್ನು ತಡೆಯಲು ಜಗತ್ತು ಹೇಗೆಲ್ಲ ಹೆಣಗಿತು ಎಂಬುದರ ಕಾಗದಪತ್ರಗಳನ್ನು ಕೂಡಿಟ್ಟ ಸಣ್ಣ ಸಂಸ್ಥೆಯೊಂದು ಮ್ಯಾನ್‌ಹಟನ್ನಿನ ಹಳೆಯ ಕಟ್ಟಡದಲ್ಲಿತ್ತು. ಒಪ್ಪಂದಗಳ ಕರಡು, ಸಭೆಗಳ ವರದಿ, ತಪಾಸಣೆಯ ಟಿಪ್ಪಣಿ ಎಲ್ಲಕ್ಕೂ ಕ್ಯಾಟಲಾಗ್ ಮಾಡಿ ಕಾರ್ಡು ಬರೆದವರು ಈಕೆ. ಹುಟ್ಟೂರು ಧಾರವಾಡ, ಮನೆ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಸ್ನೋ ಬೂಟು, ಹಣೆಯಲ್ಲಿ ಕಾಸಗಲ ಕುಂಕುಮ.

ನಾನು ಮೈಸೂರಿನ ಹುಡುಗಿ, ಪಿಸ್ಕಾಟವೇಯಿಂದ ಕಮ್ಯೂಟ್ ಮಾಡುತ್ತಿದ್ದ ಕಂಟ್ರಾಕ್ಟ್ ಪ್ರೋಗ್ರಾಮರ್. ಮೌಸ್ ಹಿಡಿಯಲು ಬರುವವರಿಗೆಲ್ಲ ಅಮೆರಿಕದಲ್ಲಿ ಕೆಲಸ ಸಿಗುತ್ತಿದ್ದ ಕಾಲ ಅದು. ಆಂಟಿಯ ಕ್ಯಾಟಲಾಗನ್ನು ಕಂಪ್ಯೂಟರಿಗೆ ಏರಿಸಿ, ಬೇಕಾದ ಕಾಗದ ಹುಡುಕಲು ಬರುವಂತೆ ಸರ್ಚ್ ಬರೆಯುವುದು ನನ್ನ ಕೆಲಸ. ದುಡ್ಡು ಕೊಡುವ ಸಮಿತಿಗೆ ಡೆಮೊ ಹಿಡಿಸದಿದ್ದರೆ ಕಾಗದಗಳೆಲ್ಲ ಪೆಟ್ಟಿಗೆ ಸೇರಿ ಗೋದಾಮಿಗೆ, ಆಂಟಿ ಮನೆಗೆ ಎಂದು ಡೈರೆಕ್ಟರ್ ಮೊದಲ ದಿನವೇ ಹೇಳಿದ್ದರು. ಆಂಟಿ ಅದನ್ನು ಕೇಳಿಸಿಕೊಂಡು ಕಾರ್ಡಿನ ಡ್ರಾಯರುಗಳ ಧೂಳು ಒರೆಸುತ್ತ ನಿಂತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ಆ ಮಧ್ಯಾಹ್ನವೇ ನಾನು ಬೈಸಿಕೊಂಡೆ. “ಆಂಟಿ, ಸರ್ವರ್ ಸತ್ತೋಯ್ತು” ಅಂದೆ ನೋಡಿ, ಆಕೆ ಎದೆ ಹಿಡಿದುಕೊಂಡರು.

“ಏನ ಬಾಯಿ ಇದು ನಿಂದು! ಬಿಡ್ತು ಅನ್ನು ಮೊದ್ಲ!”

“ಬಿಡ್ತು.”

“ಸತ್ತದ ಅನಬಾರದು. ಮಲಗೇದ ಅನಬೇಕು. ಅಸ್ತು ದೇವತಾ ಮ್ಯಾಲೆ ತಿರಗತಿರ್ತಾವ, ‘ಅಸ್ತು’ ಅಂದಬಿಟ್ರ ಏನ ಮಾಡ್ತಿ?”

“ಅಸ್ತು ದೇವತೆಗಳಿಗೆ ಇಲ್ಲಿಗೆ ಬರೋಕೆ ವೀಸಾ ಸಿಕ್ಕಿದೆಯಾ ಆಂಟಿ?”

“ನಿನಗ ಸಿಕ್ಕದ ಅಂದ್ರ ಅವಕ್ಕ ಸಿಗೂದಿಲ್ಲೇನು?”

ಅಂದಿನಿಂದ ನಮ್ಮ ಕಚೇರಿಯಲ್ಲಿ ಯಾವ ಪ್ರೋಗ್ರಾಮನ್ನೂ ನಿಲ್ಲಿಸಲು ‘ಕಿಲ್’ ಮಾಡುವಂತಿರಲಿಲ್ಲ, ‘ಕಳಿಸಿಕೊಡಬೇಕು’. ನಮ್ಮ ಕಂಪ್ಯೂಟರ್ ಮಂದಿಯ ಮಾತು ಕೇಳುವುದಕ್ಕಿಂತ ತನ್ನ ವಿಷದ ಕಾಗದಗಳೇ ವಾಸಿ ಎಂಬುದು ಆಕೆಯ ಅಭಿಪ್ರಾಯ.

ಮನೆಯಲ್ಲೂ ಅದೇ ಕಾನೂನು. ಒಂದು ಭಾನುವಾರ ರೊಟ್ಟಿ ಊಟಕ್ಕೆ ಕರೆದಿದ್ದರು. ನಡುವೆ ಡಬ್ಬಿಯಲ್ಲಿ ಇಣುಕಿ, “ಅಕ್ಕಿ ಹೆಚ್ಚಾಗ್ಯಾವ” ಅಂದರು. ಅವರ ಯಜಮಾನರು ಪೇಪರ್ ಮಡಚಿ, ಕಾರಿನ ಕೀ ತೆಗೆದುಕೊಂಡು ಹೊರಟೇಬಿಟ್ಟರು. ನಾನು ಅರ್ಥ ಹೇಳಿದ ಮೇಲೆ, ಹೆಚ್ಚಾಗಿದ್ದರೆ ಅಂಗಡಿಗೇಕೆ ಎಂದು ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಗುಜರಾತಿ ಆಂಟಿಗೆ ಗೊಂದಲ. ಮನೆಯಲ್ಲಿ ಅಕ್ಕಿ ಮುಗಿಯಿತು ಎಂದು ಬಾಯಲ್ಲಿ ಆಡಬಾರದು ಎಂಬುದು ನನ್ನ ಅಜ್ಜಿಯ ದಯೆಯಿಂದ ನನಗೆ ಗೊತ್ತಿತ್ತು. ಅಂಕಲ್ ಹೆಚ್ಚು ಮಾತಿನವರಲ್ಲ. ಮದುವೆಯಾದಾಗಿನಿಂದ ತಾನು ಆಡಿದ ಮಾತಿನಲ್ಲಿ ಅರ್ಧಭಾಗ ಬಿಡ್ತು ಎಂದು ಅವರೇ ಒಮ್ಮೆ ಹೇಳಿ ನಕ್ಕಿದ್ದರು.

ದಸರೆಗೆ ನಾನು ಸುಮ್ಮನಿರಲಾರದೆ, “ಆಯುಧಪೂಜೆಗೆ ನಿಮ್ಮ ಕಾಗದಗಳ ಕಪಾಟಿಗಿಂತ ಯೋಗ್ಯವಾದದ್ದು ಈ ಊರಲ್ಲೇ ಇಲ್ಲ” ಎಂದು ಕೆಣಕಿದೆ. ಆಂಟಿ ನಗಲಿಲ್ಲ. “ಖಂಡೇನವಮಿ ಪೂಜಿ ನಿನ್ನ ಸರ್ವರಿಗೆ ಮಾಡೂಣು. ಇವಕ್ಕ ಬ್ಯಾಡ. ಪೂಜಿ ಮಾಡಿದ್ರ ಬೆಳೀತಾವ” ಅಂದರು. ಸರ್ವರಿಗೆ ಕುಂಕುಮ ಇಟ್ಟೆವು. ಅದು ಆ ವಾರವೆಲ್ಲ ಮಲಗಲಿಲ್ಲ, ಸತ್ಯವಾಗಿ.

ನಿಜವಾದ ಫಜೀತಿ ಶುರುವಾದದ್ದು ಆಮೇಲೆ. ಒಂದೇ ವಿಷಕ್ಕೆ ಹತ್ತಾರು ಹೆಸರು: ರಸಾಯನಶಾಸ್ತ್ರದ್ದೊಂದು, ಸೈನ್ಯದ ಗುಟ್ಟಿನದೊಂದು, ಪತ್ರಿಕೆಯವರು ಇಟ್ಟದ್ದೊಂದು. ಒಂದು ಹೆಸರಲ್ಲಿ ಹುಡುಕಿದರೆ ಉಳಿದ ಹೆಸರಿನ ಕಾಗದಗಳು ಸಿಗುತ್ತಿರಲಿಲ್ಲ. ಯಾವ ಹೆಸರು ಯಾವುದರ ಜೋಡಿ ಎಂದು ಗೊತ್ತಿದ್ದದ್ದು ಆಂಟಿಗೆ ಮಾತ್ರ, ಆಕೆಯೋ ಬಾಯಿ ಬಿಡುವವರಲ್ಲ. “ಆ ಬಳ್ಳೊಳ್ಳಿ ನಾರೋದು”, “ಹಸಿ ಹುಲ್ಲಿಂದು” ಎಂದು ವಾಸನೆ ಹಿಡಿದು ಸುತ್ತಿಬಳಸುತ್ತಿದ್ದರು. ಸಿಡುಬು ಅವರ ಪಾಲಿಗೆ ‘ಅಮ್ಮ’. ನಾನು ಅದನ್ನು ಹಾಗೇ ಬರೆದುಕೊಂಡು, ಇದು ಯಾರ ಅಮ್ಮ ಎಂದು ಡೈರೆಕ್ಟರ್ ಕೇಳಿದಾಗ ಪೇಚಿಗೆ ಬಿದ್ದೆ.

ಕೊನೆಗೆ, “ಬಾಯಲ್ಲಿ ಹೇಳಬೇಡಿ ಆಂಟಿ, ನೀವೇ ಟೈಪ್ ಮಾಡಿ. ಕಾರ್ಡಿನ ಮೇಲೆ ಬರೆದಿಲ್ವಾ?” ಅಂದೆ. ಒಂದು ಹೆಸರಿನ ಮುಂದೆ ಅದರ ಜೋಡಿ ಹೆಸರುಗಳನ್ನೆಲ್ಲ ತುಂಬುವ ಖಾನೆಯೊಂದನ್ನು ಮಾಡಿಕೊಟ್ಟೆ. ಆಂಟಿ ಕನ್ನಡಕ ಏರಿಸಿ, ಒಂದು ಬೆರಳಲ್ಲಿ ಕುಟ್ಟುತ್ತ ವಾರಗಟ್ಟಲೆ ಕೂತರು. ಡೆಮೊ ಹತ್ತಿರ ಬಂದಿತ್ತು, ನಾನು ತುಂಬಿದ್ದನ್ನು ತುಂಬಿದ ಹಾಗೇ ಸರ್ಚ್‌ಗೆ ಜೋಡಿಸಿದೆ.

ಡೆಮೊಗೆ ಆಂಟಿ ರೇಷ್ಮೆ ಸೀರೆ ಉಟ್ಟು ಬಂದರು. ಸಮಿತಿಯ ವೃದ್ಧ ಅಧ್ಯಕ್ಷರು ತಾವೇ ಕೀಬೋರ್ಡ್ ಎಳೆದುಕೊಂಡು ಹಳೆಯದೊಂದು ಅನಿಲದ ಹೆಸರು ಕುಟ್ಟಿದರು. ಎಲ್ಲ ಹೆಸರಿನ ಕಾಗದಗಳೂ ಸಾಲಾಗಿ ಬಂದವು. ನಾನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರ ಬೆರಳು ಪರದೆಯ ಕೆಳಗೆ ಹೋಯಿತು. ಅಲ್ಲಿ ‘ಸಂಬಂಧಪಟ್ಟ ಪದಗಳು’ ಎಂಬ ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಿಡ್ತು’ ಎಂದಿತ್ತು.

ಅವರು ಅದನ್ನು ಒತ್ತಿದರು. ಪರದೆ ತುಂಬಿ ಹರಿಯಿತು. ಸಂಗ್ರಹದಲ್ಲಿದ್ದ ಪ್ರತಿಯೊಂದು ಅನಿಲ, ಪ್ರತಿಯೊಂದು ರೋಗಾಣುವಿನ ಕಾಗದವೂ ಆ ಒಂದೇ ಹೆಸರಿನಡಿ ಮೆರವಣಿಗೆ ಬಂತು. ಅಧ್ಯಕ್ಷರ ಮುಖ ಬಿಳಿಚಿತು. “ಇಷ್ಟು ವರ್ಷ ಈ ಕೆಲಸದಲ್ಲಿದ್ದೇನೆ, ಈ ಅಸ್ತ್ರದ ಹೆಸರೇ ಕೇಳಿಲ್ಲ. ಇದು ಯಾವ ದೇಶದ್ದು?” ಅಂದರು. ಡೈರೆಕ್ಟರ್ ನನ್ನನ್ನು ನೋಡಿದರು, ನಾನು ಆಂಟಿಯನ್ನು ನೋಡಿದೆ.

“ಮತ್ತ ಏನ ಮಾಡಲೆ?” ಎಂದು ಆಂಟಿ ನನ್ನ ಕಿವಿಯಲ್ಲಿ ಸಿಡುಕಿದರು. “ಕಾರ್ಡಿನ್ಯಾಗ ಮೂಲಿಗೆ ಪೆನ್ಸಿಲಿನ ಚುಕ್ಕಿ ಇಡತಿದ್ದೆ. ನಿನ್ನ ಕಂಪ್ಯೂಟರಿನ್ಯಾಗ ಮೂಲಿ ಎಲ್ಲದ?”

ಕಾರ್ಡುಗಳ ಮೂಲೆಯ ಆ ಚುಕ್ಕಿಯನ್ನು ನಾನು ಲೈಬ್ರರಿಯವರ ಯಾವುದೋ ಗುರುತು ಅಂದುಕೊಂಡಿದ್ದೆ. ಕೆಟ್ಟದ್ದನ್ನು ಬರೆದಾಗಲೆಲ್ಲ ಆಕೆ ಚುಕ್ಕಿಯಿಟ್ಟು ಬಿಡ್ತು ಅಂದುಕೊಂಡಿದ್ದರು. ಇಲ್ಲಿ ಚುಕ್ಕಿಗೆ ಜಾಗವಿಲ್ಲದೆ ಖಾನೆಯಲ್ಲೇ ಟೈಪ್ ಮಾಡಿದ್ದರು, ಪ್ರತಿ ಸಲವೂ, ತಪ್ಪದೆ. ನನ್ನ ಪೆದ್ದು ಪ್ರೋಗ್ರಾಮು ಅದನ್ನೂ ಒಂದು ವಿಷವೆಂದು ನಂಬಿತ್ತು.

ಆಂಟಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ನಮ್ಮ ಕಡೆ ಅಶುಭ ಬಾಯಿಗೆ ಬಂದರೆ, ಅದು ನಿಜವಾಗದಿರಲಿ ಎಂದು ಕೂಡಲೇ ಈ ಮಾತು ಆಡುತ್ತೇವೆ ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ವಿವರಿಸಿದರು. ಇನ್ನೇನು ಕೂತುಕೊಳ್ಳುವವರು ಮತ್ತೆ ಎದ್ದು, ಈ ಕೋಣೆಯಲ್ಲಿರುವ ಒಪ್ಪಂದಗಳೂ ಅಷ್ಟೇ, ದೇಶದೇಶಗಳು ಕೂತು ಅಂದ ಬಿಡ್ತು ಎಂದರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಅದನ್ನು ಹೇಗೆ ಉಚ್ಚರಿಸಬೇಕು ಎಂದು ಕೇಳಿದರು. ಆಂಟಿ ಹೇಳಿಕೊಟ್ಟರು. ಸೂಟು ಹಾಕಿದ ದೊಡ್ಡ ಮನುಷ್ಯರೆಲ್ಲ ಮೇಜಿನ ಸುತ್ತ ಕೂತು ಶಾಲೆಯ ಮಕ್ಕಳಂತೆ “ಬಿಡ್‌ಟೂ, ಬಿಡ್‌ಟೂ” ಅಂದರು. ಗೋದಾಮಿನ ಮಾತು ಅಲ್ಲಿಗೇ ನಿಂತಿತು. ಆ ಪದವನ್ನು ತೆಗೆಯಕೂಡದು ಎಂದು ಡೈರೆಕ್ಟರ್ ನನಗೆ ಅಪ್ಪಣೆ ಮಾಡಿದರು.

ಆಮೇಲೆ ಡಾಟ್‌ಕಾಮ್ ಅಬ್ಬರ ಇಳಿಯಿತು, ನಾನು ಬೇರೆ ಕೆಲಸ ಹಿಡಿದೆ. ಆಂಟಿ ರಿಟೈರ್ ಆಗುವವರೆಗೂ ಅಲ್ಲೇ ಇದ್ದರು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿದ್ದರು, ತುಂಬ ಸೊರಗಿದ್ದರು. ಹೇಗಿದ್ದೀರಿ ಅಂದರೆ, “ತೂಕ ಇಳಿಸಲಿಕ್ಹತ್ತೀನಿ” ಅಂದರು. ಅವರ ಮುಂದೆ ಅಳಬಾರದೆಂದು ಬೇಗ ಎದ್ದು, “ಹೋಗ್ತೀನಿ ಆಂಟಿ” ಅಂದೆ.

“ಏ ಮೈಸೂರವ್ವಾ, ಇನ್ನೂ ಕಲೀಲಿಲ್ಲಲ್ಲ! ಹೋಗಿ ಬರ್ತೀನಿ ಅನ್ನು.”

ಅಂದೆ. ಹೋಗಿ ಬರುವುದು ಆಗಲಿಲ್ಲ. ಒಂದು ಬೆಳಿಗ್ಗೆ ಪಿಸ್ಕಾಟವೇಯ ಮನೆಯಲ್ಲಿ ನಾನು ಕಾಫಿಗೆ ಹಾಲಿಡುತ್ತಿದ್ದಾಗ ಫೋನು ಬಂತು. ಅಂಕಲ್. ಮಾತು ಕಡಿಮೆಯ ಮನುಷ್ಯ, ಸುತ್ತಿಬಳಸದೆ ಹೇಳಿದರು.

“ಮಂದಾಕಿನಿ ಹೋದಳವ್ವಾ.”

ಯೋಚಿಸುವ ಮೊದಲೇ ನನ್ನ ಬಾಯಿಂದ ಬಂತು: “ಬಿಡ್ತು ಅನ್ನಿ ಅಂಕಲ್!”

ಆ ಕಡೆಯಿಂದ ಆ ಮುದುಕರು, ಸಂಸಾರದುದ್ದಕ್ಕೂ ಅಂದಂತೆಯೇ ವಿಧೇಯರಾಗಿ, “ಬಿಡ್ತು” ಅಂದರು.