ಬಚ್ಚಲುಗೋಡೆಯ ಕೋಣ

ಇಸ್ತ್ರಿಯವನು ಕೆಂಡಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆ ನಿಮಗೆ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಅದು ಬೀದಿಯಿಂದ ಕಿಟಕಿಯೊಳಗೆ ಬಂತು, ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ವಾಸನೆಗೆಲ್ಲ ಸಿಟ್ಟಾಗುವವಳು ನಾನೊಬ್ಬಳೇ ಇರಬೇಕು.

ಕೊಳ್ಳೇಗಾಲದಲ್ಲಿ ಓದುವಾಗ ನಾನು ಚೆನ್ನಾಗಿ ಚಿತ್ರ ಬರೆಯುತ್ತಿದ್ದೆ. ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿ ಎಂದು ಮೇಷ್ಟ್ರು ಮನೆಗೇ ಬಂದು ಹೇಳಿದರು. ಅವರು ಅತ್ತ ಹೋಗುತ್ತಲೇ ಅಪ್ಪ, "ಎಣ್ಮಗ ಚಿತ್ರ ಬರ್ಕಂಡು ಯಾವ ಸಂಸಾರ ಮಾಡಾಳು?" ಎಂದು ನನ್ನ ಹಾಳೆಗಳನ್ನೆಲ್ಲ ಹಂಡೆಯ ಒಲೆಗೆ ತುರುಕಿದರು. ಆ ನೀರಿನಲ್ಲೇ ಸ್ನಾನವನ್ನೂ ಮಾಡಿ, ಉಳಿದ ಕೆಂಡಕ್ಕೆ ನೀರು ಚಿಮುಕಿಸಿದರು. ಅವತ್ತು ಎದ್ದದ್ದೂ ಇದೇ ವಾಸನೆ. ನಾನು ಪೆನ್ಸಿಲ್ ಮುಟ್ಟುವುದನ್ನು ಬಿಟ್ಟೆ.

ಅರವತ್ತರ ದಶಕದಲ್ಲಿ ಯಳಂದೂರಿಗೆ ಸೊಸೆಯಾಗಿ ಬಂದೆ. ಗಂಡನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ರೇಗುವ ಕೆಲಸ ಮಾವನದು. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಒಂದು ದಿನ ಅದು ನನ್ನ ಹಣೆಗೆ ತಗುಲಿತು. ಬಚ್ಚಲಿಗೆ ಹೋಗಿ ರಕ್ತ ತೊಳೆದುಕೊಂಡೆ. ಒಲೆಯ ಬಾಯಲ್ಲಿದ್ದ ಇದ್ದಿಲು ಎತ್ತಿ ಗೋಡೆಯ ಮೇಲೆ ಒಂದು ಕೋಣ ಬರೆದೆ, ಅದಕ್ಕೆ ಮಾವನ ಮೀಸೆ ಇಟ್ಟೆ. ಎಷ್ಟೋ ವರ್ಷಗಳ ಮೇಲೂ ಗೆರೆ ತಪ್ಪಲಿಲ್ಲ.

ನಾದಿನಿ ಸಾಕಮ್ಮ ಅದನ್ನು ನೋಡಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಮಾರನೆಯ ಬೆಳಿಗ್ಗೆ ಅವಳೇ ಇದ್ದಿಲು ಹಿಡಿದು ಬಂದಳು. "ಅತ್ಗೆ, ಇವತ್ತು ಯಾರ್ನ ಬರ್ದೀಯೆ?"

ಪಕ್ಕದ ಮನೆಯ ಬಾಯಿಬಡುಕಿ ಕೋಳಿಯಾದಳು. ತುಟಿ ಬಿಚ್ಚದ ನನ್ನ ಗಂಡ ಆಮೆಯಾದ. ದಿನಕ್ಕೊಂದು ಬರೆಯುವುದು, ನೀರೆರಚಿ ಅಳಿಸುವುದು. ಸಿಟ್ಟಿಗೆ ಶುರುವಾದ ಆಟದಲ್ಲಿ ಯಾವಾಗಲೋ ಕೈಗೆ ಹಳೆಯ ಖುಷಿ ಮರಳಿತ್ತು. ಯಾರ ಮೇಲೂ ಸಿಟ್ಟಿಲ್ಲದ ದಿನವೂ ಹಲ್ಲಿಯನ್ನೋ ಬೆಕ್ಕನ್ನೋ ಬರೆಯದೆ ಒಲೆ ಹಚ್ಚುತ್ತಿರಲಿಲ್ಲ.

ಒಮ್ಮೆ ಅಳಿಸುವ ಮೊದಲೇ ಮಾವ ಒಳಗೆ ಬಂದರು. ಗೋಡೆಯ ಮೇಲೆ ಅವತ್ತೂ ಕೋಣವೇ ಇತ್ತು.

"ಇದ್ಯಾರು, ನಾನಾ?"

"ಊಂ, ಮಾವ."

ಹತ್ತಿರ ಬಂದು ಬಗ್ಗಿ ನೋಡಿದರು. "ಕೊಂಬು ಸರಿಯಾಗವೆ," ಎಂದು ಹೊರಟುಹೋದರು. ಆಮೇಲೆ ತಟ್ಟೆ ಹಾರಲಿಲ್ಲ.

ಅದೇ ವರ್ಷ ಅಪ್ಪ ನನ್ನನ್ನು ನೋಡಲು ಬಂದರು. ಸ್ನಾನ ಮುಗಿಸಿ ಬಂದವರೇ, "ಗೋಡೆ ಮೇಗಳ ಬೆಕ್ಕು ಬೋ ಸಂದಾಗದೆ. ಯಾರ್ ಬರ್ದೋರು?" ಎಂದರು.

"ನಾನೇ. ಅವತ್ತು ಒಲೆಗಾಕುದ್ರಲ್ಲ, ಆ ಚಿತ್ರ ಬರ್ದ ಕೈನೇ."

"ನಾನಾ? ಏನ ಒಲೆಗಾಕ್ದೆ?"

ಸುಳ್ಳಲ್ಲ, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಹಣೆಯ ಗಾಯ ಮಾಯಿತು. ಇದು ಮಾಯಲಿಲ್ಲ.

ಸಿಟ್ಟು ಒಳ್ಳೆಯದಲ್ಲ ಎನ್ನುತ್ತಾರೆ. ನನಗೆ ಚಿತ್ರವನ್ನು ವಾಪಸ್ ಕೊಟ್ಟಿದ್ದು ಅದೇ. ಇಷ್ಟು ವರ್ಷಗಳಲ್ಲಿ ಊರವರನ್ನೆಲ್ಲ ಬರೆದೆ, ಅಪ್ಪನನ್ನು ಮಾತ್ರ ಬರೆದಿಲ್ಲ. ನಿಮಗೆ ಇಷ್ಟೆಲ್ಲ ಹೇಳಿದ ಮೇಲೆ ಈಗ ಹಾಳೆ ತೆಗೆದಿದ್ದೇನೆ. ಕತ್ತೆ, ಕೋಣ ಯಾವುದೂ ಬೇಡ. ಅವರ ಮುಖವೇ ಸಾಕು.