ನುಣುಪಾಗಬಾರದ ಮರ

ನನ್ನ ಅಕ್ಕನ ಗಂಡ ಪಾಲಿಶ್ ಕೆಲಸದವರು. ಬೀರು, ಮೇಜು, ಕುರ್ಚಿ ಯಾವುದೇ ಇರಲಿ, ಅವರ ಕೈಯಿಂದ ಹೊರಬಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಕೆಲಸದ ಕಡೆ ಎಲ್ಲರೂ ಅವರನ್ನು ಬೆಣ್ಣೆ ಮೇಸ್ತ್ರಿ ಎನ್ನುತ್ತಾರೆ. ಮಾತು ಬೆಣ್ಣೆ ಅಂದುಕೊಳ್ಳಬೇಡಿ, ಮಾತು ಕಡ್ಡಿ ಮುರಿದ ಹಾಗೆ. ಬೆಣ್ಣೆ ಕೈಯಲ್ಲಿ ಮಾತ್ರ. ಕಣ್ಣು ಮುಚ್ಚಿ ಹಲಗೆಯ ಮೇಲೆ ಬೆರಳಾಡಿಸಿ, ಎಲ್ಲಿ ಉಜ್ಜಿದ್ದು ಸಾಲದು ಎಂದು ಹೇಳಿಬಿಡುತ್ತಾರೆ.

ನಾನು ಅವರ ಭಾಮೈದ. ಮನೆಗಳ ಮಾಡು ಹತ್ತಿ ಕಸ, ಪಾಚಿ ತೆಗೆಯುವುದು ನನ್ನ ಕೆಲಸ. ನಮ್ಮಲ್ಲಿ ಮಳೆ ಜಾಸ್ತಿ, ಹಾಗಾಗಿ ನನಗೆ ಕೆಲಸಕ್ಕೆ ಬರ ಬಂದಿಲ್ಲ.

ಭಾವನ ಮನೆಯ ಹಿಂಬದಿಯಲ್ಲಿ ದೇವದಾರು ಹಲಗೆಯ ಒಂದು ಜಗಲಿ ಇದೆ. ಬಿಸಿಲು ಮಳೆ ತಿಂದು ಬೂದಿ ಬಣ್ಣಕ್ಕೆ ತಿರುಗಿತ್ತು, ಸಂದಿಗಳಲ್ಲಿ ಪಾಚಿ. ಹೋದ ಮಳೆಗಾಲದಲ್ಲಿ ಭಾವನ ತಾಯಿ ಅಲ್ಲಿ ಜಾರಿಬಿದ್ದರು. ಮನೆಯಲ್ಲಿ ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಸೊಂಟದ ಮೂಳೆ ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಮೊದಲೆಲ್ಲ ಸಂಜೆ ಪೂರ್ತಿ ಜಗಲಿಯ ತುದಿಯ ಬೆಂಚಿನ ಮೇಲೆ ಕುಳಿತು, ಹಿಂದಿನ ಓಣಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದವರು, ಈಗ ಹಿತ್ತಿಲ ಹೊಸ್ತಿಲು ದಾಟುತ್ತಿರಲಿಲ್ಲ. ಫೋನ್ ಮಾಡಿದ ನೆಂಟರಿಗೆಲ್ಲ, ಜೈಲಿನಲ್ಲಿದ್ದೇನೆ, ಊಟ ಮಾತ್ರ ಚೆನ್ನಾಗಿ ಕೊಡುತ್ತಾರೆ ಎನ್ನುತ್ತಿದ್ದರು.

ಹಲಗೆ ಕಿತ್ತು ಸಿಮೆಂಟ್ ಹಾಕಿಸುವುದು ಎಂದು ಅಕ್ಕ ತೀರ್ಮಾನಿಸಿದಳು. ಸಿಮೆಂಟಿನವನು ಬಂದು ಅಳತೆಯನ್ನೂ ತೆಗೆದುಕೊಂಡು ಹೋದ. ಒಳ್ಳೆ ಮರ ಕೀಳಲು ಭಾವನಿಗೆ ಮನಸ್ಸಿಲ್ಲ, ಒಂದು ಸಲ ನೋಡೋಣ ಎಂದರು.

"ಮಳೆ ಹಿಡಿದಾಗ ಅತ್ತೆ ತಾವಾಗೇ ಇದರ ಮೇಲೆ ನಡೀಬೇಕು. ಇಲ್ಲಾಂದ್ರೆ ಸಿಮೆಂಟೇ," ಎಂದಳು ಅಕ್ಕ.

ತೊಳೆಯುವುದು ನನ್ನ ಪಾಲಿಗೆ ಬಂತು. ಸೋಪಿನ ನೀರು, ಮೆತ್ತನೆ ಬ್ರಷ್, ಮರದ ಗೆರೆ ಹೋದ ಕಡೆಗೇ ಉಜ್ಜುವುದು. ಜೋರಾಗಿ ನೀರು ಬಿಟ್ಟರೆ ದೇವದಾರು ಹತ್ತಿಯ ಹಾಗೆ ಎದ್ದುಬಿಡುತ್ತದೆ. ಬೂದಿ ಬಣ್ಣ ಹೋಗಿ ಒಳಗಿನ ಜೇನು ಬಣ್ಣ ಕಂಡಿತು. ಆಮೇಲೆ ಒಣಗಿಸುವುದು, ನಮ್ಮ ಕಡೆ ಅದೇ ದೊಡ್ಡ ಕೆಲಸ. ಟಾರ್ಪಾಲನ್ನು ಮರಕ್ಕೆ ಹೊದಿಸಿದರೆ ಒಳಗೇ ಬೆವರುತ್ತದೆ. ಅದಕ್ಕೆ ಕಂಬ ನೆಟ್ಟು, ಚಪ್ಪರದ ಹಾಗೆ ಮೇಲೆ ಕಟ್ಟಿ, ಸುತ್ತ ಗಾಳಿಗೆ ಬಿಟ್ಟೆವು.

ಮರ ಒಣಗಿದ ಮೇಲೆ ಭಾವ ಸ್ಯಾಂಡ್‌ಪೇಪರ್ ಹಿಡಿದು ಕೂತರು. ನಾನು ನನ್ನ ಕೆಲಸಕ್ಕೆ ಹೋದೆ. ಮತ್ತೆ ಬಂದು ನೋಡಿದರೆ ಜಗಲಿ ಮಿರಮಿರ ಮಿಂಚುತ್ತಿತ್ತು.

ಅಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ರೀ, ಇದರ ಮೇಲೆ ಊಟಕ್ಕೆ ಬಡಿಸೋದಲ್ಲ. ನಿಮ್ಮಮ್ಮ ನಡೀಬೇಕು."

ಭಾವ ಮುಖ ಊದಿಸಿಕೊಂಡರು. ತಮ್ಮ ಕೈಕೆಲಸ ನುಣುಪಾಯಿತು ಎಂದು ಇವತ್ತಿನವರೆಗೆ ದೂರು ಹೇಳಿದವರು ಒಬ್ಬರೂ ಇಲ್ಲ ಎಂದರು. ಹೇಗೆ ಹಿಡಿಯುತ್ತದೆ ನೋಡೋಣ ಎಂದು ಒಂದು ಮೂಲೆಯಲ್ಲಿ ಗೇಣಗಲ ಬಣ್ಣ ಹಚ್ಚಿ ಬಿಟ್ಟರು. ಮರದೊಳಗೆ ಇಳಿಯಬೇಕಾದ ಬಣ್ಣ ಅದು. ಮಾರನೇ ದಿನ ಒರೆಸಿದರೆ ಅಷ್ಟೂ ಬೆರಳಿಗೆ ಬಂತು. ನೀರು ಚಿಮುಕಿಸಿದರೆ ಕೆಸುವಿನೆಲೆಯ ಮೇಲೆ ನಿಂತ ಹಾಗೆ ಹನಿ ಹನಿಯಾಗಿ ನಿಂತಿತು. ಭಾವ ಕುಕ್ಕರುಗಾಲಲ್ಲಿ ಕೂತೇ ಇದ್ದರು.

ಕಿಟಕಿಯಿಂದ ದೊಡ್ಡಮ್ಮ ಏನಾಯಿತೆಂದು ಕೇಳಿದರು.

"ಮರ ಕುಡೀತಿಲ್ಲಮ್ಮ. ಉಜ್ಜಿ ಉಜ್ಜಿ ಬಾಯಿ ಮುಚ್ಚಿಸಿಬಿಟ್ಟಿದ್ದೀನಿ."

"ಹಾಗಾದ್ರೆ ತೆಗೆಸು. ಮುಚ್ಚಿಸಿದವನು ನೀನೇ ತಾನೇ."

ಭಾವ ಒರಟು ಸ್ಯಾಂಡ್‌ಪೇಪರ್ ತಂದರು. ಆದರೆ ಕೈ ಕೇಳಬೇಕಲ್ಲ. ನಾಲ್ಕು ಸಲ ಒರಟಾಗಿ ಎಳೆಯುವುದು, ಆಮೇಲೆ ತಮಗೇ ತಿಳಿಯದೆ ಮೆತ್ತಗೆ ಸವರತೊಡಗುವುದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಎದ್ದು ಬಂದು ನನ್ನ ಕೈಗವಸು ಕೇಳಿದರು, ಮಾಡು ತೊಳೆಯುವಾಗ ಹಾಕುವ ದಪ್ಪನೆಯವು. ಅವರು ಕೈಗವಸು ತೊಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ ಅವರಿಗೆ.

"ಬೆರಳಿಗೆ ಗೊತ್ತಾದ್ರೆ ತಾನೇ ಆಸೆ ಪಡೋದು," ಎಂದರು.

ಒಂದೊಂದು ಹಲಗೆಯ ಉದ್ದಕ್ಕೂ ಒಂದೇ ಸಲ ಎಳೆದು, ತಿರುಗಿ ನೋಡದೆ ಮುಂದಿನದಕ್ಕೆ ಹೋದರು. ತಿರುಗಿದರೆ ನಾನು ಕೆಮ್ಮುತ್ತಿದ್ದೆ. ಎಲ್ಲ ಮುಗಿದ ಮೇಲೆ ನೀರು ಚಿಮುಕಿಸಿದರು. ನೋಡನೋಡುತ್ತಲೇ ಮರ ಹೀರಿಕೊಂಡಿತು. ಆ ನೀರು ಆರಲು ಬಿಟ್ಟು, ಇಬ್ಬರೂ ಸೇರಿ ತೆಳುವಾಗಿ ಬಣ್ಣ ಹಚ್ಚಿ, ಮೇಲೆ ನಿಂತದ್ದನ್ನು ಬಟ್ಟೆಯಲ್ಲಿ ಒರೆಸಿದೆವು. ಅದು ಒಣಗುವವರೆಗೆ ಮೋಡ ತಡೆದುಕೊಂಡಿತು.

ಆಮೇಲೆ ಮಳೆ ಹಿಡಿಯಿತು. ಹಲಗೆ ಪೂರ್ತಿ ನೆನೆಯಲೆಂದು ಭಾವ ಚಪ್ಪರ ಬಿಚ್ಚಿಸಿದರು. ಒಂದು ದಿನ ಮಳೆ ಸ್ವಲ್ಪ ಬಿಟ್ಟಾಗ ದೊಡ್ಡಮ್ಮ ಕೋಲು ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು. ಭಾವ ಓಡಿಹೋಗಿ ಕೈ ಚಾಚಿದರು.

"ಕೈ ತೆಗಿಯೋ. ನಿನ್ನ ಹಿಡ್ಕೊಂಡು ನಡೆದ್ರೆ ನಿನ್ನ ಹೆಂಡ್ತಿ ಲೆಕ್ಕಕ್ಕೆ ತಗೊಳ್ಳಲ್ಲ."

ಒಂದು ಪಾದ ಇಟ್ಟರು. ಒತ್ತಿದರು. ಹೆಬ್ಬೆರಳಿನಿಂದ ಎಳೆದು ನೋಡಿದರು. ಇನ್ನೊಂದು ಪಾದ ಇಟ್ಟರು. ಭಾವ ಗೋಡೆಗೆ ಒರಗಿ ಆ ಪಾದಗಳನ್ನೇ ನೋಡುತ್ತಿದ್ದರು. ಅಕ್ಕನೂ ಹಾಗೇ ನಿಂತಿದ್ದಳು. ದೊಡ್ಡಮ್ಮ ನಿಧಾನವಾಗಿ ಹೋಗಿ ಬೆಂಚು ಮುಟ್ಟಿದರು, ಸೆರಗಿನಿಂದ ನೀರು ಒರೆಸಿ ಕುಳಿತರು.

ಅಕ್ಕ ಸಿಮೆಂಟಿನವನಿಗೆ ಬರುವುದು ಬೇಡ ಎನ್ನಲು ಫೋನ್ ಹಿಡಿದು ಒಳಗೆ ಹೋದಳು.

ದೊಡ್ಡಮ್ಮ ಕೋಲಿನಿಂದ ಜಗಲಿಯ ಆಚೆ ತುದಿಯ ಮೆಟ್ಟಿಲು ತೋರಿಸಿದರು. "ಅದನ್ಯಾಕೋ ಬಿಟ್ಟೆ? ನಾನು ಕೆಳಗಿಳಿಯೋದು ಬೇಡ್ವಾ?"