ಹೊಗೆಯ ಎಂಜಿನ್ನು, ಕಿರುಚುವ ಎಂಜಿನ್ನು

ಮುಧೋಳದ ನಮ್ಮ ಪಡಸಾಲೆಯಲ್ಲಿ ನಡೆದ ಆ ಜಗಳವನ್ನು ಕಣ್ಣಾರೆ ಕಂಡಿದ್ದೇನೆ ಎಂದೇ ಇಷ್ಟು ವರ್ಷ ನಂಬಿದ್ದೆ. ಅಂದು ನೀನು ಜ್ವರ ಬಂದು ಒಳಗೆ ಮಲಗಿದ್ದಿ ಎನ್ನುತ್ತಾಳೆ ಅವ್ವ. ಹಾಗಾದರೆ ಇದರಲ್ಲಿ ನಾನು ಕಂಡದ್ದೆಷ್ಟು, ಕೇಳಿದ್ದೆಷ್ಟು, ತಿಳಿಯದು.

ಅಜ್ಜ ಬಾಗಲಕೋಟೆಯ ಮಾರ್ಗದಲ್ಲಿ ಉಗಿ ಎಂಜಿನ್ನಿನ ಡ್ರೈವರ್. ಅದೇ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು ಬನಹಟ್ಟಿಯ ಅವನ ಗೆಳೆಯ. ಒಂದೇ ಬುತ್ತಿ ಬಿಚ್ಚಿ ಉಂಡವರು. ಮುಂದೆ ಗೆಳೆಯನೂ ಡ್ರೈವರ್ ಆದ. ಡೀಸೆಲ್ ಬಂದಾಗ ಎರಡು ವಿದೇಶಿ ಕಂಪನಿಗಳು ರೈಲ್ವೆಯ ಆರ್ಡರಿಗಾಗಿ ಪೈಪೋಟಿಗೆ ಬಿದ್ದಿದ್ದವು. ಅಜ್ಜ ಒಂದು ಕಂಪನಿಯ ಎಂಜಿನ್ನು ಕಲಿತು ಬಂದ, ಗೆಳೆಯ ಇನ್ನೊಂದರದು. ಕಲಿತದ್ದರ ಜೊತೆ ಕಂಪನಿಯ ಅಭಿಮಾನವನ್ನೂ ಹೊತ್ತು ತಂದರು.

ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಗೆಳೆಯನ ಮಗನಿಗೆ ಕೊಡುವ ಮಾತಾಗಿತ್ತು. ಸಕ್ಕರೆ ಹಂಚಿ ಒಪ್ಪಿಗೆ ಮಾಡಿಕೊಳ್ಳುವ ದಿನ. ತಟ್ಟೆ ನಡುವೆ ಇತ್ತು. ಮಾತು ಎಂಜಿನ್ನಿನತ್ತ ಹೊರಳಿತು.

“ನಿಮ್ಮದು ಎಷ್ಟ ಹೊಗಿ ಬಿಡತೈತಲೇ. ಇನ್ನೂ ಕಲ್ಲಿದ್ದಲಿ ತಿಂತೈತೇನು?” ಎಂದನಂತೆ ಗೆಳೆಯ.

“ಹೊಗಿ ಬಿಟ್ರೂ ಏರು ಹತ್ತತೈತಿ. ನಿಮ್ಮದು ನಿಂತಲ್ಲೇ ಕಿರಚತೈತಿ.”

“ನಡಸಾಕ ಬರದಾವ್ರ ಕೈಯಾಗ ಕೊಟ್ರ ಕಿರಚೂದ ಮತ್ತ.”

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. “ಕಲ್ಲಿದ್ದಲಿ ಹಾಕಾವ ನೀ. ಡ್ರೈವರ್‌ಗೆ ಕಲಸಾಕ ಬರಬ್ಯಾಡ” ಎಂದ.

ಬೀಗರೆಲ್ಲರ ಎದುರಿಗೆ ಆಡಿದ ಮಾತು. ಗೆಳೆಯ ರುಮಾಲು ಸರಿಮಾಡಿಕೊಂಡು ಎದ್ದ, ಅವನ ಕಡೆಯ ಮಂದಿಯೂ ಎದ್ದರು. ಸಕ್ಕರೆಯನ್ನು ಮತ್ತೆ ಡಬ್ಬಿಗೆ ಸುರಿದರು.

ನಮ್ಮ ಮನೆಯಲ್ಲಿ ಇದನ್ನು ನಗೆಯ ಕಥೆಯಾಗಿ ಹೇಳುತ್ತಾರೆ. ಆಗ ಅತ್ತೆ ಎಲ್ಲಿ ನಿಂತಿದ್ದಳು ಎಂದು ಯಾರೂ ಹೇಳಿಲ್ಲ, ನಾನೂ ಕೇಳಿರಲಿಲ್ಲ.

ಮುಂದೆ ಅತ್ತೆಯನ್ನು ಗಲಗಲಿಯ ಬೇರೊಂದು ಮನೆಗೆ ಕೊಟ್ಟರು. ಮೊನ್ನೆ ಅಲ್ಲಿಗೆ ಹೋದಾಗ ಅವಳೇ ಮಾತು ತೆಗೆದಳು. “ಇಬ್ಬರೂ ರಿಟೈರ್ ಆದಮ್ಯಾಲ ಮತ್ತ ಕೂಡಿದ್ರು, ಗೊತ್ತೈತಿಲ್ಲೋ? ಒಂದ ಬಸ್ಸಿನ್ಯಾಗ ಇಲ್ಲಿಗೆ ಬಂದಿದ್ರು. ಕಟ್ಟಿ ಮ್ಯಾಲ ಕುಂತು ಅದ ಹೊಗಿ, ಅದ ಕಿರಚೂದು ಅನಕೋಂತ ನಗಾಕತ್ತಿದ್ರು. ನಾ ಹೋಳಗಿ ನೀಡಿದ್ನಿ.”

“ನಿನಗ ಸಿಟ್ಟ ಬರಲಿಲ್ಲೇನ ಅತ್ತೀ?”

“ಸಿಟ್ಟೇನು? ಬನಹಟ್ಟಿಯವರ ಮಗಾ ಹೆಂಗದಾನಂತ ಕೇಳಬೇಕನಸಿತ್ತು. ಅವರ ಮಾತಿನ್ಯಾಗ ಸಂದ ಸಿಗಲಿಲ್ಲ.”